ನಾಲ್ಕು ವರ್ಷ ಆಲೆಮನೆ ಲೆಕ್ಕಕ್ಕೆ ಬಳಸಿದ ಮೇಲೆ: ಪೈಥಾನ್ ಆರ್ಗ್‌ಪಾರ್ಸ್‌ನ ಸಬ್‌ಕಮಾಂಡ್

ಮಂಡ್ಯದ ಹತ್ತಿರ ನಮ್ಮ ಮಾವನ ಆಲೆಮನೆ ಇದೆ. ಅದರ ಲೆಕ್ಕಕ್ಕೆ ಅಂತ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಕಮಾಂಡ್ ಸಾಲಿನಲ್ಲಿ ಹೊಡೆದದ್ದನ್ನು ಬಿಡಿಸಿ ಪ್ರೋಗ್ರಾಂಗೆ ಕೊಡುವ ಕೆಲಸ ಆರ್ಗ್‌ಪಾರ್ಸ್ ಅನ್ನುವ ಲೈಬ್ರರಿಯದು. ಮೊದಲು ಎಲ್ಲವೂ ಆಪ್ಷನ್‌ಗಳೇ, ಅಂದರೆ '--ವರ್ಷ 2022' ಥರ ಡ್ಯಾಶ್ ಹಾಕಿ ಕೊಡುವ ಸೂಚನೆಗಳು. ಹನ್ನೆರಡು ಆದಮೇಲೆ ಯಾವುದರ ಜೊತೆ ಯಾವುದು ಕೊಡಬೇಕು ಅಂತ ಬರೆದ ನನಗೇ ಮರೆಯುತ್ತಿತ್ತು.

ಆಗ ಸಬ್‌ಕಮಾಂಡ್‌ಗೆ, ಅಂದರೆ ಪ್ರೋಗ್ರಾಂ ಹೆಸರಿನ ಪಕ್ಕ ಕೆಲಸದ ಹೆಸರು ಹೊಡೆಯುವ ಪದ್ಧತಿಗೆ ಬಂದೆ. ಈಗ 'ಆಲೆ ಕಬ್ಬು', 'ಆಲೆ ಬೆಲ್ಲ', 'ಆಲೆ ಲೆಕ್ಕ'. ಕೋಡ್‌ನ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಕಮಿಟ್, ಪುಶ್ ಅಂತ ಇರುತ್ತದಲ್ಲ, ಹಾಗೇ. ಕೋಡ್‌ನಲ್ಲಿ ಆ್ಯಡ್_ಸಬ್‌ಪಾರ್ಸರ್ಸ್ ಒಂದೇ ಸಲ, ಆಮೇಲೆ ಒಂದೊಂದು ಕೆಲಸಕ್ಕೂ ಒಂದು ಆ್ಯಡ್_ಪಾರ್ಸರ್. ಹೀಗೆ ಒಂದೊಂದು ಕೆಲಸಕ್ಕೂ ಅದರದೇ ಪಾರ್ಸರ್, ಅಂದರೆ ಹೊಡೆದದ್ದನ್ನು ಓದುವ ಭಾಗ, ಸಿಗುತ್ತದೆ. ಅಚ್ಚೋ ಉಂಡೆಯೋ ಅನ್ನುವ ಆಪ್ಷನ್ ಬೆಲ್ಲದ ಹತ್ತಿರವೇ ಇರುತ್ತದೆ, ಕಬ್ಬಿನ ಹೆಲ್ಪ್‌ನಲ್ಲಿ ತಲೆ ಹಾಕುವುದಿಲ್ಲ. ಸೆಟ್_ಡಿಫಾಲ್ಟ್ಸ್‌ನಲ್ಲಿ ಆಯಾ ಫಂಕ್ಷನ್ ಕೊಟ್ಟುಬಿಟ್ಟರೆ ಉದ್ದದ ಇಫ್-ಎಲ್ಸ್ ಸಾಲೂ ಬೇಡ. ಆರ್ಗ್‌ಪಾರ್ಸ್ ಪೈಥಾನ್ 3.2ರಿಂದ ಜೊತೆಗೇ ಬರುವುದರಿಂದ ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನೆಟ್‌ವರ್ಕ್ ಸಿಗದ ಆಲೆಮನೆಯಲ್ಲಿ ಇದು ದೊಡ್ಡ ಮಾತು.

ತೊಂದರೆ ಕೊಟ್ಟದ್ದು ಎರಡು. ಮೊದಲ ವಾರವೇ ಮಾವ ಬರೀ 'ಆಲೆ' ಅಂತ ಹೊಡೆದು ಎಂಟರ್ ಒತ್ತಿದರು. ಫಂಕ್ಷನ್ ಸಿಗಲಿಲ್ಲ ಅಂತ ಪರದೆ ತುಂಬ ಎರರ್. "ಇದೇನ್ಲಾ, ಪಾಕ ಉಕ್ದಂಗೆ ಉಕ್ತಾ ಅದೆ" ಅಂದರು. ಪೈಥಾನ್ 3ರಲ್ಲಿ ಸಬ್‌ಕಮಾಂಡ್ ಕೊಡಲೇಬೇಕು ಅಂತ ತಾನಾಗಿ ಕಡ್ಡಾಯವಿಲ್ಲ. 3.7ರಿಂದ ಆ್ಯಡ್_ಸಬ್‌ಪಾರ್ಸರ್ಸ್‌ಗೆ ರಿಕ್ವೈರ್ಡ್ ಅನ್ನು ಟ್ರೂ ಅಂತ ಕೊಟ್ಟು ಕಡ್ಡಾಯ ಮಾಡಬಹುದು. ಹೊಡೆದ ಸಬ್‌ಕಮಾಂಡ್ ಯಾವ ಹೆಸರಲ್ಲಿ ಉಳಿಯಬೇಕು ಅಂತ ಹೇಳುವ ಡೆಸ್ಟ್‌ಗೂ ಒಂದು ಹೆಸರು ಕೊಡಿ. ಇಲ್ಲದಿದ್ದರೆ 3.7ರಲ್ಲಿ ಎರರ್ ಹೇಳಲು ಹೋಗಿಯೇ ಅದು ಬಿದ್ದುಹೋಗುತ್ತದೆ!

ಎರಡನೆಯದು ಇನ್ನೂ ಕಳ್ಳ. ಮುಖ್ಯ ಪಾರ್ಸರ್‌ನ ಆಪ್ಷನ್ ಸಬ್‌ಕಮಾಂಡ್‌ಗಿಂತ ಮುಂಚೆಯೇ ಬರಬೇಕು. ಮಾವನ ಬೆರಳಿಗೆ ಅದು ಒಗ್ಗಲಿಲ್ಲ, ವರ್ಷವನ್ನು ಕೊನೆಯಲ್ಲೇ ಹೊಡೆಯುತ್ತಿದ್ದರು. ಎರಡೂ ಕಡೆ ಇರಲಿ ಅಂತ 'ವರ್ಷ'ವನ್ನು ಲೆಕ್ಕದ ಪಾರ್ಸರ್‌ಗೂ ಸೇರಿಸಿದೆ. ಆಮೇಲೆ ನಾನು ಸಬ್‌ಕಮಾಂಡ್‌ಗಿಂತ ಮುಂಚೆ 2022 ಅಂತ ಕೊಟ್ಟರೆ ಈ ವರ್ಷದ ಲೆಕ್ಕವೇ ಬರುತ್ತಿತ್ತು. ಸಬ್‌ಪಾರ್ಸರ್‌ನ ಡಿಫಾಲ್ಟ್ (ಏನೂ ಕೊಡದಿದ್ದರೆ ಹಿಡಿಯುವ ಬೆಲೆ, ಇಲ್ಲಿ ಈ ವರ್ಷ) ಬಂದು ನಾನು ಕೊಟ್ಟದ್ದನ್ನು ಅಳಿಸುತ್ತಿತ್ತು. ಎರರ್ ಇಲ್ಲ, ಏನೂ ಇಲ್ಲ. ಕೂಡಿದ ಮೊತ್ತ ಕಂಡು ಒಂದು ಸಂಜೆ ಮಾವನ ಜೊತೆ ಸುಮ್ನೆ ಜಗಳವಾಯಿತು. ಒಳಗಿನದರ ಡಿಫಾಲ್ಟ್‌ಗೆ ಸಪ್ರೆಸ್, ಅಂದರೆ ಏನೂ ಕೊಡದಿದ್ದರೆ ಏನೂ ತುಂಬಬೇಡ ಅನ್ನುವ ಸೂಚನೆ, ಕೊಟ್ಟ ಮೇಲೆ ಸರಿಹೋಯಿತು.

ಕಮಾಂಡ್ ಹೆಸರು ಕನ್ನಡದಲ್ಲೇ ಇಟ್ಟರೂ ನಡೆಯುತ್ತದೆ. ಹೆಲ್ಪ್‌ನ ಸಾಲು ಮಾತ್ರ ಸೊಟ್ಟಗಾಗುತ್ತದೆ, ಒತ್ತಕ್ಷರವನ್ನೂ ಬೇರೆ ಎಣಿಸುತ್ತದಲ್ಲ. ಟೈಪ್ ಮಾಡಲು ಕಷ್ಟ ಅಂತ ಅಲಿಯಾಸ್, ಅಂದರೆ ಅಡ್ಡಹೆಸರು, ಹಾಕಿದ್ದೇನೆ, ಬೆಲ್ಲಕ್ಕೆ ಇಂಗ್ಲಿಷಿನ ಬಿ. ಮೊನ್ನೆ ಮಾವ ಟ್ರ್ಯಾಕ್ಟರ್ ಬಾಡಿಗೆಗೂ ಬಿ ಬೇಕು ಅಂದಿದ್ದಾರೆ.