ಅಭಿಪ್ರಾಯ ಲೇಖನ: ಆಧಾರ ಕೊಟ್ಟು ಬರೆಯುವುದೋ, ಕೊಡದೆಯೋ?

ಆಯ್ಕೆಗೆ ಮುನ್ನ ನಿಮ್ಮ ವಾಕ್ಯಗಳನ್ನು ಬೇರ್ಪಡಿಸಿ. ‘ಈ ತೆರಿಗೆ ಅನ್ಯಾಯ’ ಎಂಬುದು ತೀರ್ಪು. ಅದಕ್ಕೆ ತರ್ಕ ಸಾಕು. ‘ಈ ತೆರಿಗೆಯಿಂದ ಬೆಲೆ ಏರಿತು’ ಎಂಬುದು ಪರೀಕ್ಷಿಸಬಹುದಾದ ಮಾತು. ಮೂಲ ಹೇಳದಿದ್ದರೆ ವಾದ ಅಲ್ಲೇ ಕುಸಿಯುತ್ತದೆ.

ಆಧಾರವಿಲ್ಲದ ಬರಹ ಬೇಗ ಮುಗಿಯುತ್ತದೆ, ಸಲೀಸಾಗಿ ಓದಿಸಿಕೊಳ್ಳುತ್ತದೆ. ಅಭಿರುಚಿ, ಸ್ವಂತ ಅನುಭವದ ವಿಷಯಗಳಿಗೆ ಇದೇ ಸರಿ. ಆದರೆ ಮೊದಲೇ ಒಪ್ಪದ ಓದುಗರನ್ನು ಕದಲಿಸುವುದು ಕಷ್ಟ.

ಆಧಾರಸಹಿತ ಬರಹಕ್ಕೆ ಶ್ರಮ ಜಾಸ್ತಿ. ಸುದ್ದಿಯ ಸಾರಾಂಶ ಸಾಲದು. ಮೂಲ ವರದಿಯನ್ನೇ ತೆರೆದು ವರ್ಷ, ಸಮೀಕ್ಷೆಯಾದರೆ ಎಷ್ಟು ಜನರನ್ನು ಕೇಳಿದ್ದಾರೆ, ಪ್ರಶ್ನೆ ಹೇಗಿತ್ತು ಎಂದು ನೋಡಬೇಕು. ಹೆಚ್ಚಿನವರು ಎಡವುವುದು ಅಂಕಿಗಳಲ್ಲಿ: ಶೇ 2ರಿಂದ ಶೇ 3ಕ್ಕೆ ಏರಿದ್ದನ್ನು ‘ಶೇ 50ರಷ್ಟು ಹೆಚ್ಚಳ’ ಎಂದಷ್ಟೇ ಬರೆದರೆ ಲೆಕ್ಕ ಸರಿ, ಚಿತ್ರ ತಪ್ಪು. ತಮಗೆ ಬೇಕಾದ ಅಧ್ಯಯನವನ್ನಷ್ಟೇ ಹೆಕ್ಕುವುದು ಇನ್ನೂ ಕೆಟ್ಟದ್ದು. ಮೇಲ್ನೋಟಕ್ಕೆ ಅದು ಪ್ರಾಮಾಣಿಕವಾಗಿಯೇ ಕಾಣುತ್ತದೆ!

ಹಣ, ಆರೋಗ್ಯ, ಕಾನೂನು, ಯಾರದೋ ಮೇಲಿನ ಆರೋಪ: ಇಲ್ಲಿ ಆಧಾರ ಬೇಕೇ ಬೇಕು. ಬರೀ ಲಿಂಕ್ ಕೊಟ್ಟು ಸುಮ್ಮನಾಗಬೇಡಿ. ಪುಟ ಮುಂದೆ ಅಳಿಸಿಹೋಗಬಹುದು, ಆದ್ದರಿಂದ ಸಂಸ್ಥೆಯ ಹೆಸರು, ವರ್ಷ ವಾಕ್ಯದೊಳಗೇ ಇರಲಿ.