ಡಿಕ್ಕಿಯೊಳಗೇ ಫೈಬರ್ ಮೌಲ್ಡ್ ತೆಗೆಯಲು ಹೋಗಬೇಡಿ

ನನ್ನ ಹಳೇ ಸ್ವಿಫ್ಟ್‌ನ ಡಿಕ್ಕಿಯಲ್ಲಿ ಎಡಗಡೆ ಒಂದು ಖಾಲಿ ಮೂಲೆ ಇದೆ. ಅಲ್ಲಿ ಸರಿಯಾಗಿ ಕೂರುವ ಹಾಗೆ ಫೈಬರ್‌ನಲ್ಲಿ ಸಬ್‌ವೂಫರ್ ಬಾಕ್ಸ್ ಮಾಡೋಣ ಅಂತ ಹೋದ ಮೇ ತಿಂಗಳಲ್ಲಿ ಶುರು ಮಾಡಿದೆ. ವಿಡಿಯೋ ನೋಡಿದರೆ ಅರ್ಧ ದಿನದ ಕೆಲಸ. ಆಮೇಲೆ ಎರಡು ತಿಂಗಳು ಕಿಟಕಿ ಇಳಿಸಿಕೊಂಡೇ ಕಾರು ಓಡಿಸಿದೆ.

ಮೂಲೆಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ, ಮೇಲೆ ಅಡುಗೆಮನೆಯ ಫಾಯಿಲ್ ಅಂಟಿಸಿದೆ. ಒಂದು ಕಡೆ ಸಂದು ದೊಡ್ಡದಿತ್ತು. ಟಿವಿ ಡಬ್ಬದ ಥರ್ಮಕೋಲ್ ಮುರಿದು ತುರುಕಿದೆ. ಕೆಟ್ಟಿದ್ದು ಅಲ್ಲೇ. ಫೈಬರ್ ಕೆಲಸ ಅಂದರೆ ಗಾಜಿನ ನಾರಿನ ಮ್ಯಾಟ್‌ಗೆ ರೆಸಿನ್ ಅನ್ನುವ ಅಂಟು ದ್ರವ ಹಚ್ಚಿ ಗಟ್ಟಿಯಾಗಲು ಬಿಡುವುದು. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಅನ್ನುವ ದ್ರಾವಕ ಇರುತ್ತದೆ, ಅದು ಥರ್ಮಕೋಲನ್ನು ಸಕ್ಕರೆ ಥರ ಕರಗಿಸುತ್ತದೆ. ಫಾಯಿಲ್‌ನಲ್ಲಿ ಎಲ್ಲೋ ಸಣ್ಣ ಹರಕಿತ್ತು. ನೋಡನೋಡುತ್ತಿದ್ದಂತೆ ಹಚ್ಚಿದ ಮ್ಯಾಟ್ ಒಳಕ್ಕೆ ಕುಸಿದು, ರೆಸಿನ್ ಕಾರ್ಪೆಟ್‌ಗೆ ಇಳಿಯಿತು.

ಗಾಬರಿಯಲ್ಲಿ, ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡ್ನರ್‌ನ ಅಳತೆಯೂ ತಪ್ಪಿತು. ಒಂದು ಕೆಜಿ ರೆಸಿನ್‌ಗೆ 10ರಿಂದ 20 ಎಂಎಲ್, ಬಿಸಿಲು ಅಲ್ವಾ, ಕಡಿಮೇನೇ ಹಾಕಿ ಅಂತ ಅಂಗಡಿಯವರು ಹೇಳಿದ್ದರು. ನಾನು ಮುಚ್ಚಳದಲ್ಲಿ ಅಂದಾಜಿಗೆ ಸುರಿದೆ. ಮಗ್‌ನಲ್ಲೇ ರೆಸಿನ್ ಮೊಸರಿನ ಹಾಗೆ ಹೆಪ್ಪುಗಟ್ಟಿ, ಕಾದು, ಹೊಗೆಯಾಡಿತು. ಮಗ್‌ನ ತಳ ಸೊಟ್ಟಗಾಯಿತು. ಹೆದರಿ ಮುಂದಿನ ಸಲ ತೀರಾ ಕಡಿಮೆ ಹಾಕಿದೆ. ಅದು ಒಣಗಲೇ ಇಲ್ಲ. ಇವತ್ತಿಗೂ ಬರುವ ಪೇಂಟ್ ಅಂಗಡಿ ವಾಸನೆ ಆ ಪದರದ್ದೇ ಕೊಡುಗೆ.

ಮರೆಯೋ ಮುಂಚೆ ಇದನ್ನು ಹೇಳಿಬಿಡುತ್ತೇನೆ. ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕುವ ನೇರಳೆ ಬಣ್ಣದ ಕೋಬಾಲ್ಟ್ ದ್ರವ ಮತ್ತು ನೀರಿನಂಥ ಹಾರ್ಡ್ನರ್ ಎರಡನ್ನೂ ನೇರವಾಗಿ ಯಾವತ್ತೂ ಸೇರಿಸಬೇಡಿ. ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್ನರ್. ಕೆಲವು ರೆಸಿನ್‌ನಲ್ಲಿ ಕೋಬಾಲ್ಟ್ ಮೊದಲೇ ಇರುತ್ತದೆ, ಕೇಳಿಕೊಳ್ಳಿ. ಹಾರ್ಡ್ನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕಣ್ಣು ಪೂರ್ತಿ ಮುಚ್ಚುವ ಸೇಫ್ಟಿ ಕನ್ನಡಕ ಹಾಕಿಕೊಳ್ಳಿ.

ಮಾರನೇ ದಿನ ಎಳೆದರೆ ಮೌಲ್ಡ್ ಅಲ್ಲಾಡಲಿಲ್ಲ. ಇಡ್ಲಿ ತಟ್ಟೆಯ ಗುಳಿ ನೋಡಿ, ಬಾಯಿ ಅಗಲ, ತಳ ಕಿರಿದು. ಅದಕ್ಕೇ ಇಡ್ಲಿ ಎದ್ದು ಬರುತ್ತದೆ. ನನ್ನ ಮೂಲೆ ಚೆಂಬಿನ ಥರ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಇದನ್ನು ಹಚ್ಚುವ ಮೊದಲೇ ನೋಡಬೇಕಿತ್ತು. ಕೊನೆಗೆ ಕಾರಿನೊಳಗೇ ಗ್ರೈಂಡರ್ ಹಿಡಿದು ಕತ್ತರಿಸಿದೆ. ಬಿಳಿ ಧೂಳು ಸೀಟು, ಬೆಲ್ಟು, ಎಸಿ ಕಿಂಡಿ ಎಲ್ಲ ಸೇರಿತು. ಆ ಬಟ್ಟೆಯನ್ನು ಸುಮ್ನೆ ವಾಷಿಂಗ್ ಮೆಷಿನ್‌ಗೆ ಹಾಕಿದೆ ನೋಡಿ, ಮನೆಮಂದಿಗೆಲ್ಲ ತುರಿಕೆ. ಅಪ್ಪ ಬನಿಯನ್ ಬಿಚ್ಚಿಟ್ಟು ಬೆನ್ನು ಕೆರೆದುಕೊಳ್ಳುತ್ತಾ, "ಏನೋ ಹಾಕ್ದೆ ಮೆಷಿನ್‌ಗೆ?" ಅಂತ ಕೇಳಿದಾಗ ಬಾಯಿ ಬಿಡಲಿಲ್ಲ.

ಮಾಡಲೇಬೇಕು ಅನ್ನುವವರು ಕಾರಿನಲ್ಲಿ ಆಕಾರಕ್ಕಷ್ಟೇ ಒಂದೆರಡು ತೆಳು ಪದರ ಹಚ್ಚಿ. ಅದು ಗಟ್ಟಿಯಾದ ಮೇಲೆ ಹೊರಗೆ ತೆಗೆದು, ಮಿಕ್ಕ ಪದರ, ಉಜ್ಜಾಟ, ಪುಟ್ಟಿ ಎಲ್ಲ ಗಾಳಿಯಾಡುವ ಜಾಗದಲ್ಲಿ ಮಾಡಿ. ಬಿಚ್ಚಲು ಬರುವ ಪ್ಯಾನೆಲ್ ಆದರೆ ಮೊದಲೇ ಬಿಚ್ಚಿಕೊಳ್ಳಿ. ಧೂಳಿಗೆ, ವಾಸನೆಗೆ ಕರ್ಚೀಫ್ ಸಾಲದು, ಎರಡನ್ನೂ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ನಾನು ಗುಜರಿಯಿಂದ ಹಳೇ ಕಾರ್ಪೆಟ್ ತಂದು ಹಾಕಿಸಿದೆ. ಬಾಕ್ಸನ್ನು ಬಡಗಿ ಹತ್ತಿರ ಎಂಡಿಎಫ್‌ನಲ್ಲಿ ಮಾಡಿಸಿದೆ, ಚೌಕದ್ದು. ಆ ಮೂಲೆಯಲ್ಲಿ ಈಗ ಜಾಕ್ ಇಟ್ಟಿದ್ದೇನೆ.