ಏರ್‌ಫ್ಲೋ ರಿಪೋರ್ಟ್: ಮಾಹಿತಿ ಎಲ್ಲಾ ಇದೆ, ರಿಪೋರ್ಟ್ ಮಾತ್ರ ನೀವೇ ಮಾಡ್ಕೋಬೇಕು

ಜಾಬ್ ಶೆಡ್ಯೂಲರ್ (ಕಂಪ್ಯೂಟರ್ ಕೆಲಸಗಳನ್ನು, ಅಂದರೆ ಜಾಬ್‌ಗಳನ್ನು, ನಿಗದಿ ಮಾಡಿದ ಹೊತ್ತಿಗೆ ಓಡಿಸುವ ತಂತ್ರಾಂಶ) ಆರಿಸುವಾಗ ರಿಪೋರ್ಟ್ ಬಗ್ಗೆ ಯಾರೂ ಕೇಳುವುದಿಲ್ಲ. ಜಾಬ್ ಸರಿಯಾಗಿ ಓಡುತ್ತದಾ, ಫೇಲ್ ಆದರೆ ಮೇಲ್ ಬರುತ್ತದಾ, ಅಷ್ಟೇ ಪ್ರಶ್ನೆ. ಆಮೇಲೆ ತಿಂಗಳ ಕೊನೆಗೆ ಮೇಲಿನವರಿಂದ ಒಂದು ಸಾಲು ಬರುತ್ತದೆ: ಯಾವ ಜಾಬ್ ಎಷ್ಟು ಸಲ ಫೇಲ್ ಆಯಿತು, ಯಾವುದು ತಡವಾಯಿತು, ಒಂದು ಶೀಟ್ ಕಳಿಸಿ. ಅಪಾಚೆ ಏರ್‌ಫ್ಲೋ ಎಂಬ ಶೆಡ್ಯೂಲರ್ ಬಳಸುವವರಿಗೆ ಕಷ್ಟ ಶುರುವಾಗುವುದು ಅಲ್ಲಿಂದ. ಹಾಗಾಗಿ ಈ ವಿಮರ್ಶೆ ಏರ್‌ಫ್ಲೋದ ರಿಪೋರ್ಟ್ ಬಗ್ಗೆ ಮಾತ್ರ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನೋಡುವುದಕ್ಕೆ ಕೊಟ್ಟಿರುವ ಪರದೆಗಳು ಚೆನ್ನಾಗಿವೆ. 2.3 ಆವೃತ್ತಿಯಲ್ಲಿ ಬಂದ ಗ್ರಿಡ್ ನೋಟದಲ್ಲಿ ಪ್ರತಿ ರನ್ (ಜಾಬ್ ಒಂದು ಸಲ ಓಡುವುದು) ಒಂದು ಕಂಬ, ಪ್ರತಿ ಟಾಸ್ಕ್ (ಜಾಬ್‌ನ ಒಂದು ಹಂತ) ಒಂದು ಚೌಕ. ಯಾವ ಟಾಸ್ಕ್ ದಿನಾ ಕೈ ಕೊಡುತ್ತಿದೆ ಅಂತ ಕೆಂಪು ಸಾಲು ನೋಡಿದ ಕೂಡಲೇ ಗೊತ್ತಾಗುತ್ತದೆ. ಗ್ಯಾಂಟ್ ನೋಟ ನನಗೆ ಇನ್ನೂ ಇಷ್ಟ. ಒಂದು ರನ್‌ನಲ್ಲಿ ಯಾವ ಟಾಸ್ಕ್ ಯಾವಾಗ ಶುರುವಾಯಿತು, ಯಾವುದರಿಂದ ಮುಂದಿನದೆಲ್ಲಾ ಕಾಯುತ್ತಾ ಕೂತಿತು ಅಂತ ಅಡ್ಡ ಪಟ್ಟಿಗಳಲ್ಲಿ ಕಾಣುತ್ತದೆ. ತೊಂದರೆ ಹುಡುಕುವ ಎಂಜಿನಿಯರ್‌ಗೆ ಇಷ್ಟು ಸಾಕು.

ಆದರೆ ಇವು ಪರದೆಗಳು, ರಿಪೋರ್ಟ್ ಅಲ್ಲ. ಕಳೆದ ತಿಂಗಳಿನ ಎಲ್ಲಾ ಡ್ಯಾಗ್‌ಗಳ (ಟಾಸ್ಕ್‌ಗಳು ಸೇರಿ ಆದ ಇಡೀ ಜಾಬ್‌ಗೆ ಏರ್‌ಫ್ಲೋದಲ್ಲಿ ಇರುವ ಹೆಸರು) ಸಾರಾಂಶ ತೆಗೆದು, ಬೇಕಾದ ಕಾಲಂ ಆರಿಸಿ, ಪ್ರತಿ ಸೋಮವಾರ ಪಿಡಿಎಫ್ ಆಗಿ ಮೇಲ್ ಮಾಡು ಅಂತ ಹೇಳುವ ಜಾಗವೇ ಇಲ್ಲ. ಆಟೋಸಿಸ್ ಎಂಬ ಹಳೆಯ ಶೆಡ್ಯೂಲರ್‌ನಲ್ಲಿ ಕಡೇಪಕ್ಷ ಆಟೋರೆಪ್ ಅಂತ ಒಂದು ಕಮಾಂಡ್ ಇದೆ. ಜಾಬ್ ಹೆಸರಿನ ಜೊತೆ ಶೇಕಡಾ ಚಿಹ್ನೆ ಹಾಕಿದರೆ ಆ ಹೆಸರಿನಿಂದ ಶುರುವಾಗುವ ಎಲ್ಲಾ ಜಾಬ್‌ಗಳೂ ಶುರು ಮತ್ತು ಮುಕ್ತಾಯದ ಸಮಯ, ಸ್ಥಿತಿಯ ಸಮೇತ ಬಂದುಬಿಡುತ್ತವೆ. ನೋಡೋಕೆ ಚಂದ ಇಲ್ಲ, ಆದರೆ ಕೆಲಸ ಮುಗಿಯುತ್ತದೆ.

ಏರ್‌ಫ್ಲೋದಲ್ಲಿ ಮಾಹಿತಿ ಹೊರಗೆ ತರೋಕೆ ಮೂರು ದಾರಿ. ಕಮಾಂಡ್ ಲೈನ್‌ನಲ್ಲಿ ಒಂದು ಡ್ಯಾಗ್‌ನ ರನ್‌ಗಳ ಪಟ್ಟಿಯನ್ನು ಜೇಸನ್ ಅಥವಾ ಯಾಮಲ್ ಎಂಬ ಪಠ್ಯ ರೂಪದಲ್ಲಿ ಪಡೆಯಬಹುದು. ಒಂದೆರಡು ಡ್ಯಾಗ್‌ಗೆ ಪರವಾಗಿಲ್ಲ, ನೂರಾರು ಇದ್ದರೆ ಆಗದ ಮಾತು. ಎರಡನೆಯದು 2.0ರಲ್ಲಿ ಸ್ಥಿರ ರೂಪಕ್ಕೆ ಬಂದ ರೆಸ್ಟ್ ಎಪಿಐ, ಅಂದರೆ ಬೇರೆ ಪ್ರೋಗ್ರಾಂಗಳು ವೆಬ್ ಮೂಲಕ ಮಾಹಿತಿ ಕೇಳುವ ದಾರಿ. ಡ್ಯಾಗ್ ಹೆಸರಿನ ಜಾಗದಲ್ಲಿ ಟಿಲ್ಡೆ (~) ಚಿಹ್ನೆ ಹಾಕಿದರೆ ಎಲ್ಲಾ ಡ್ಯಾಗ್‌ಗಳ ರನ್‌ಗಳೂ ಸಿಗುತ್ತವೆ. ಆದರೆ ನೀವಾಗಿ ಸೆಟ್ಟಿಂಗ್ ಬದಲಿಸದಿದ್ದರೆ ಒಂದು ಸಲಕ್ಕೆ 100 ಸಾಲಿಗಿಂತ ಜಾಸ್ತಿ ಕೊಡುವುದಿಲ್ಲ. ಮುಂದಿನ ಪುಟ ಕೇಳದೇ ಹೋದರೆ ತಿಂಗಳ ರಿಪೋರ್ಟ್ ಮೊದಲ ಪುಟಕ್ಕೇ ನಿಂತುಹೋಗುತ್ತದೆ, ಎರರ್ ಕೂಡ ಬರುವುದಿಲ್ಲ.

ಮೂರನೆಯದು ನೇರವಾಗಿ ಮೆಟಾಡೇಟಾ ಡೇಟಾಬೇಸ್, ಅಂದರೆ ಏರ್‌ಫ್ಲೋ ತನ್ನ ರನ್‌ಗಳ ದಾಖಲೆ ಇಡುವ ಜಾಗ. ಡ್ಯಾಗ್ ರನ್, ಟಾಸ್ಕ್ ಇನ್‌ಸ್ಟೆನ್ಸ್ ಎಂಬ ಎರಡು ಟೇಬಲ್ ಸಾಕು, ಬೇಕಾದ ಹಾಗೆ ಎಸ್‌ಕ್ಯೂಎಲ್ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆದುಕೊಳ್ಳಬಹುದು. ಬೇಕಾದಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯ ಇರುವುದು ಇಲ್ಲಿ ಮಾತ್ರ. ಎಚ್ಚರ ಏನೆಂದರೆ, ಈ ಟೇಬಲ್‌ಗಳ ರಚನೆ ಒಳಗಿನ ವಿಷಯ, ಯಾವ ಆವೃತ್ತಿಯಲ್ಲಿ ಬೇಕಾದರೂ ಬದಲಾಗಬಹುದು ಅಂತ ಏರ್‌ಫ್ಲೋದವರೇ ಬರೆದಿದ್ದಾರೆ. ಏರ್‌ಫ್ಲೋ 2ರಲ್ಲಿ ಟಾಸ್ಕ್ ಕೋಡ್ ಒಳಗಿಂದಲೇ ಈ ಡೇಟಾಬೇಸ್ ತೆರೆದು ರಿಪೋರ್ಟ್ ಮಾಡುವವರು ತುಂಬಾ ಜನ ಇದ್ದರು. 3ರಲ್ಲಿ ಆ ದಾರಿ ಮುಚ್ಚಿದೆ. ಹೊರಗಿನಿಂದ, ಓದುವುದಕ್ಕೆ ಮಾತ್ರ ಅನುಮತಿ ಇರುವ ಯೂಸರ್‌ನಿಂದ, ಸಾಧ್ಯವಾದರೆ ರೆಪ್ಲಿಕಾದಿಂದ (ಡೇಟಾಬೇಸ್‌ನ ನಕಲು) ಓದಿ. ದೊಡ್ಡ ಕ್ವೆರಿ ಹಾಕಿ ಶೆಡ್ಯೂಲರನ್ನೇ ನಿಧಾನ ಮಾಡಿದರೆ ಏನು ಬಂತು, ಅಲ್ವಾ?

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ: ರಿಟ್ರೈ, ಅಂದರೆ ಬಿದ್ದ ಟಾಸ್ಕ್ ತಾನಾಗಿ ಮತ್ತೆ ಓಡುವುದು. ಒಂದು ಟಾಸ್ಕ್ ರಾತ್ರಿ 2:00ಕ್ಕೆ ಶುರುವಾಯಿತು ಅಂದುಕೊಳ್ಳಿ. ಇಪ್ಪತ್ತು ನಿಮಿಷ ಓಡಿ ಬಿತ್ತು. ಐದು ನಿಮಿಷ ಬಿಟ್ಟು ಮತ್ತೆ ಓಡಿತು, ಮತ್ತೆ ಇಪ್ಪತ್ತು ನಿಮಿಷಕ್ಕೆ ಬಿತ್ತು. ಮತ್ತೆ ಐದು ನಿಮಿಷದ ನಂತರ ಮೂರನೇ ಸಲ ಆರು ನಿಮಿಷದಲ್ಲಿ ಮುಗಿಯಿತು. ಟಾಸ್ಕ್ ಇನ್‌ಸ್ಟೆನ್ಸ್ ಟೇಬಲ್‌ನಲ್ಲಿ ಉಳಿಯುವುದು ಕೊನೆಯ ಪ್ರಯತ್ನದ ಸಾಲು: ಸ್ಥಿತಿ ಸಕ್ಸೆಸ್, ಅವಧಿ ಆರು ನಿಮಿಷ. ನಿಮ್ಮ ಶೀಟ್‌ನಲ್ಲಿ ಹಸಿರು ಬಣ್ಣ. ಆದರೆ ಡೇಟಾ ಕಾಯುತ್ತಿದ್ದವರಿಗೆ ಅದು ಸಿಕ್ಕಿದ್ದು 56 ನಿಮಿಷದ ಮೇಲೆ. ಇಂಥ ಟಾಸ್ಕ್ ದಿನಾ ಹೀಗೇ ಒದ್ದಾಡುತ್ತಿದ್ದರೂ ತಿಂಗಳ ಲೆಕ್ಕದಲ್ಲಿ ನೂರಕ್ಕೆ ನೂರು ಯಶಸ್ಸು! ಇಂಥ ಶೀಟ್ ಕಳಿಸುವುದಕ್ಕಿಂತ ಕಳಿಸದೇ ಇರುವುದು ವಾಸಿ. ಯಾಕೆಂದರೆ ಅದನ್ನು ನಂಬಿ ಯಾರೋ ಒಬ್ಬರು ಈ ಜಾಬ್‌ಗೆ ಏನೂ ಮಾಡಬೇಕಾಗಿಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಹಾಗಾಗಿ ಎಷ್ಟನೇ ಪ್ರಯತ್ನದಲ್ಲಿ ಗೆದ್ದಿತು ಅನ್ನುವ ಕಾಲಂ ಹಾಕಲೇಬೇಕು. ಟಾಸ್ಕ್ ಮುಗಿದ ಸಮಯದಿಂದ ರನ್ ಶುರುವಾದ ಸಮಯ ಕಳೆದು ಇನ್ನೊಂದು ಕಾಲಂ ಮಾಡಿ. 2.10ರಿಂದ ಹಿಂದಿನ ಪ್ರಯತ್ನಗಳನ್ನು ಬೇರೆ ಹಿಸ್ಟರಿ ಟೇಬಲ್‌ನಲ್ಲಿ ಇಡುತ್ತಿದ್ದಾರೆ, ತುಂಬಾ ಒಳ್ಳೆಯ ಬದಲಾವಣೆ. ಇನ್ನೊಂದು, ಯಾರಾದರೂ ಹಳೆಯ ರನ್ ಕ್ಲಿಯರ್ ಮಾಡಿ ಮತ್ತೆ ಓಡಿಸಿದರೆ ಆ ಟಾಸ್ಕ್‌ಗಳ ಸಮಯಗಳೆಲ್ಲಾ ಹೊಸದಾಗಿಬಿಡುತ್ತವೆ. ಕಳಿಸಿಯಾಗಿರುವ ಕಳೆದ ತಿಂಗಳ ರಿಪೋರ್ಟ್ ಮತ್ತೆ ತೆಗೆದರೆ ಬೇರೆಯೇ ಅಂಕಿ ಬರುತ್ತದೆ. ತೆಗೆದ ದಿನವೇ ಒಂದು ಪ್ರತಿಯನ್ನು ಬೇರೆ ಟೇಬಲ್‌ಗೆ ಬರೆದಿಟ್ಟರೆ ಈ ರಗಳೆ ಇಲ್ಲ.

ತಾರೀಕು ಇನ್ನೊಂದು ತಲೆನೋವು. 2ರಲ್ಲಿ ದಿನಕ್ಕೊಮ್ಮೆ ಓಡುವ ಡ್ಯಾಗ್‌ನ ಲಾಜಿಕಲ್ ಡೇಟ್ (ಏರ್‌ಫ್ಲೋ ರನ್‌ಗೆ ಹಾಕುವ ತಾರೀಕು) ಅಂದರೆ ಆ ರನ್ ಯಾವ ಅವಧಿಯ ಡೇಟಾ ತೆಗೆದುಕೊಳ್ಳುತ್ತದೋ ಆ ಅವಧಿ ಶುರುವಾದ ದಿನ. ಮಧ್ಯರಾತ್ರಿಗೆ ಶೆಡ್ಯೂಲ್ ಆಗಿದ್ದರೆ 10ನೇ ತಾರೀಕಿನ ರನ್ ನಿಜವಾಗಿ ಓಡುವುದು 11ಕ್ಕೆ. 3ರಲ್ಲಿ ಕ್ರಾನ್ ಶೆಡ್ಯೂಲ್‌ಗಳಿಗೆ (ನಿಮಿಷ, ಗಂಟೆ, ದಿನವನ್ನು ಸಂಕೇತದಲ್ಲಿ ಬರೆದ ವೇಳಾಪಟ್ಟಿ) ಈ ನಡವಳಿಕೆಯನ್ನೇ ಬದಲಿಸಿದ್ದಾರೆ. ಸೆಟ್ಟಿಂಗ್ ಹಳೆಯದಕ್ಕೆ ತಿರುಗಿಸದಿದ್ದರೆ ಲಾಜಿಕಲ್ ಡೇಟ್ ಅಂದರೆ ಓಡಬೇಕಾದ ಸಮಯವೇ. ಬದಲಾವಣೆ ಸರಿಯಾಗಿಯೇ ಇದೆ, ಹೊಸಬರಿಗೆ ಅರ್ಥವಾಗುವುದೂ ಸುಲಭ. ಆದರೆ ಅಪ್‌ಗ್ರೇಡ್ ಆದ ತಿಂಗಳಿನ ರಿಪೋರ್ಟ್‌ನಲ್ಲಿ ಹಳೆಯ ರನ್, ಹೊಸ ರನ್ ಎರಡನ್ನೂ ಒಂದೇ ತಾರೀಕಿನ ಕಾಲಂನಲ್ಲಿ ಹಾಕಿದರೆ ಒಂದು ದಿನ ಆಚೀಚೆ ಆಗುತ್ತದೆ. ನಿಜವಾಗಿ ಶುರುವಾದ ಸಮಯವನ್ನೇ ಬಳಸಿ. ಡೇಟಾಬೇಸ್‌ನಲ್ಲಿ ಎಲ್ಲಾ ಸಮಯವೂ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇರುತ್ತದೆ, ಓದುವವರ ಸ್ಥಳೀಯ ಸಮಯಕ್ಕೆ ತಿರುಗಿಸಿ, ಯಾವ ಟೈಮ್ ಝೋನ್ ಅಂತ ಮೇಲೆ ಬರೆದೇ ಕಳಿಸಿ.

ಅವಧಿಗೆ ಸುಮ್ನೆ ಸರಾಸರಿ ಹಾಕಬೇಡಿ. ಒಂದು ರಾತ್ರಿ ನಾಲ್ಕು ಗಂಟೆ ಸಿಕ್ಕಿಹಾಕಿಕೊಂಡ ಜಾಬ್ ಇಡೀ ತಿಂಗಳ ಸರಾಸರಿಯನ್ನು ಎಳೆದುಬಿಡುತ್ತದೆ. ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವಿನ ಅಂಕಿ) ಮತ್ತು 95ನೇ ಪರ್ಸೆಂಟೈಲ್ (ನೂರರಲ್ಲಿ 95 ರನ್ ಇಷ್ಟರೊಳಗೆ ಮುಗಿದವು ಅನ್ನುವ ಅಂಕಿ) ಎರಡನ್ನೂ ಕೊಡಿ. ಕ್ಯೂನಲ್ಲಿ ಕಾದ ಸಮಯವನ್ನು ಓಡಿದ ಸಮಯದಿಂದ ಬೇರೆ ತೋರಿಸಿ. ಕಾಯುವುದು ಜಾಸ್ತಿ ಇದ್ದರೆ ತಪ್ಪು ಜಾಬ್‌ನದ್ದಲ್ಲ, ವರ್ಕರ್ (ಟಾಸ್ಕ್ ಓಡಿಸುವ ಪ್ರೋಗ್ರಾಂ) ಅಥವಾ ಪೂಲ್ ಸ್ಲಾಟ್ (ಒಟ್ಟಿಗೆ ಎಷ್ಟು ಟಾಸ್ಕ್ ಓಡಬಹುದು ಅನ್ನುವ ಮಿತಿ) ಸಾಲುತ್ತಿಲ್ಲ ಅಂತ ಅರ್ಥ.

ಚಿತ್ರ, ಡ್ಯಾಶ್‌ಬೋರ್ಡ್ ಬೇಕು ಅನ್ನುವವರಿಗೆ ಅಪಾಚೆ ಸೂಪರ್‌ಸೆಟ್ ಚೆನ್ನಾಗಿ ಹೊಂದುತ್ತದೆ. 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಏರ್‌ಫ್ಲೋ ಶುರು ಮಾಡಿದ ಮ್ಯಾಕ್ಸಿಮ್ ಬೋಶ್ಮನ್ ಅವರೇ ಅದನ್ನೂ ಶುರು ಮಾಡಿದ್ದು. ನಿಗದಿ ಮಾಡಿದ ಹೊತ್ತಿಗೆ ರಿಪೋರ್ಟ್ ಮೇಲ್ ಮಾಡುವ ಸೌಲಭ್ಯವೂ ಅದರಲ್ಲಿದೆ. ಏರ್‌ಫ್ಲೋದಲ್ಲಿ ಇಲ್ಲದ್ದು ಇದೇ ತಾನೇ! ಎಕ್ಸೆಲ್‌ಗೆ ಸಿಎಸ್‌ವಿ ಕೊಡುವುದಾದರೆ ಯುಟಿಎಫ್-8 ಬಿಒಎಂ (ಅಕ್ಷರಗಳನ್ನು ಹೇಗೆ ಓದಬೇಕು ಅಂತ ಎಕ್ಸೆಲ್‌ಗೆ ತಿಳಿಸುವ ಗುರುತು) ಸಮೇತ ಬರೆಯಿರಿ, ಇಲ್ಲದಿದ್ದರೆ ಕನ್ನಡದಲ್ಲಿರುವ ಹೆಸರು, ಟಿಪ್ಪಣಿ ಎಲ್ಲಾ ಕಲಸಿಹೋಗುತ್ತವೆ. ಅವಧಿ ಸೆಕೆಂಡಿನಲ್ಲಿ ಬರುತ್ತದೆ, ನಿಮಿಷಕ್ಕೆ ಬದಲಿಸಿಯೇ ಕೊಡಿ. 4327.18 ಅಂತ ನೋಡಿ ಯಾರಿಗೆ ಏನು ತಿಳಿಯುತ್ತದೆ?

ತಡವಾದ ಜಾಬ್‌ಗಳ ಪಟ್ಟಿಯ ವಿಷಯದಲ್ಲಿ ಏರ್‌ಫ್ಲೋಗೆ ನಾನು ಕಡಿಮೆ ಅಂಕ ಕೊಡುತ್ತೇನೆ. 2ರಲ್ಲಿದ್ದ ಎಸ್‌ಎಲ್‌ಎ (ಇಷ್ಟು ಹೊತ್ತಿನೊಳಗೆ ಮುಗಿಯಬೇಕು ಅನ್ನುವ ಗಡುವು) ಸೌಲಭ್ಯ ಟಾಸ್ಕ್ ಶುರುವಾದಾಗಿನಿಂದ ಲೆಕ್ಕ ಹಾಕುತ್ತಿರಲಿಲ್ಲ, ಡ್ಯಾಗ್‌ನ ಶೆಡ್ಯೂಲ್‌ನಿಂದ ಲೆಕ್ಕ ಹಾಕುತ್ತಿತ್ತು. 3.0ರಲ್ಲಿ ಅದನ್ನು ತೆಗೆದುಹಾಕಿ, 3.1ರಲ್ಲಿ ಡೆಡ್‌ಲೈನ್ ಅಲರ್ಟ್ ತಂದರು. ಅಲರ್ಟ್ ಆ ಕ್ಷಣಕ್ಕೆ ಸರಿ, ತಿಂಗಳ ಲೆಕ್ಕಕ್ಕೆ ಸಾಲದು. ಪ್ರತಿ ಡ್ಯಾಗ್ ಎಷ್ಟು ಹೊತ್ತಿಗೆ ಮುಗಿಯಲೇಬೇಕು ಅಂತ ಚಿಕ್ಕ ಟೇಬಲ್ ಒಂದನ್ನು ನೀವೇ ಇಟ್ಟುಕೊಂಡು ಮುಗಿದ ಸಮಯದ ಜೊತೆ ಹೋಲಿಸುವುದೇ ನಂಬಬಹುದಾದ ದಾರಿ. ನಿಮ್ಮ ತಂಡದಲ್ಲಿ ಹಳೆಯ ದಾಖಲೆ ಅಳಿಸುವ ಡಿಬಿ ಕ್ಲೀನ್ ಕಮಾಂಡ್ ಯಾರು ಓಡಿಸುತ್ತಾರೆ, ಎಷ್ಟು ದಿನದ ಹಿಂದಿನದನ್ನು ಅಳಿಸುತ್ತಾರೆ ಅಂತ ಇವತ್ತೇ ಕೇಳಿಕೊಳ್ಳಿ. 30 ದಿನ ಅಂದರೆ, ಮೂರು ತಿಂಗಳ ರಿಪೋರ್ಟ್ ಕೇಳಿದ ದಿನ ತೆಗೆಯೋಕೆ ಸಾಲುಗಳೇ ಇರುವುದಿಲ್ಲ.